ಪಿಡಿಎಫ್ ಕಡತಗಳಲ್ಲಿ ಕನ್ನಡ ಯುನಿಕೋಡ್ ಫಾಂಟ್‌ಗಳ ಪರೀಕ್ಷೆ

ಪಿಡಿಎಫ್ ಕಡತಗಳಲ್ಲಿ ಕನ್ನಡ ಯುನಿಕೋಡ್ ಫಾಂಟ್‌ಗಳ ಪರೀಕ್ಷೆ ಎಂಬುದು, ಗಣಕ ಪ್ರೋಗ್ರಾಂ ಒಂದರ ಮೂಲಕ ತಯಾರಾಗುವ ಪಿಡಿಎಫ್ ಕಡತದಲ್ಲಿ ಕನ್ನಡ ಪಠ್ಯವು ಸರಿಯಾದ ಅಕ್ಷರರೂಪದಲ್ಲಿ ಮೂಡಿದೆಯೇ ಮತ್ತು ಆ ಪಠ್ಯವನ್ನು ಹುಡುಕಲು, ನಕಲಿಸಲು, ಗಣಕದಿಂದ ಗಟ್ಟಿಯಾಗಿ ಓದಿಸಲು ಸಾಧ್ಯವಿದೆಯೇ ಎಂಬುದನ್ನು ಪರಿಶೀಲಿಸುವ ಕ್ರಮವಾಗಿದೆ. ಅಂಕಪಟ್ಟಿ, ರಸೀದಿ, ಪ್ರಮಾಣಪತ್ರ, ಪಹಣಿ, ಆಹ್ವಾನ ಪತ್ರಿಕೆ ಮೊದಲಾದವು ಇಂದು ಹೆಚ್ಚಾಗಿ ಯಾರೂ ಕೈಯಿಂದ ಬೆರಳಚ್ಚು ಮಾಡದೆ, ದತ್ತಾಂಶದಿಂದ ನೇರವಾಗಿ ಪ್ರೋಗ್ರಾಂ ಮೂಲಕ ಹೊರಬರುತ್ತವೆ. ಒಂದೊಂದು ಪುಟವನ್ನೂ ಮನುಷ್ಯರು ನೋಡಿ ತಿದ್ದುವ ಅವಕಾಶ ಅಲ್ಲಿ ಇರುವುದಿಲ್ಲ. ‘ಲಕ್ಷ್ಮಿ’ ಎಂಬ ಹೆಸರು ಚೌಕಗಳ ಸಾಲಾಗಿ ಅಥವಾ ಬಿಡಿಬಿಡಿಯಾಗಿ ಒಡೆದ ಚಿಹ್ನೆಗಳಾಗಿ ಅಚ್ಚಾದರೆ ಅದು ಆ ವಿದ್ಯಾರ್ಥಿನಿಯ ಕೈಸೇರಿದ ಮೇಲೆಯೇ ಗಮನಕ್ಕೆ ಬರುತ್ತದೆ. ಆದುದರಿಂದ ಈ ಪರೀಕ್ಷೆಯು ಕೇವಲ ಅಂದಚಂದದ ವಿಷಯವಲ್ಲ.

ಹಿನ್ನೆಲೆ

ಪಿಡಿಎಫ್ ಎಂಬ ಕಡತ ಮಾದರಿಯನ್ನು ಅಡೋಬಿ ಸಂಸ್ಥೆಯು 1993ರಲ್ಲಿ ಹೊರತಂದಿತು. 2008ರಲ್ಲಿ ಅದು ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಗಣಕದಲ್ಲಿ ತೆರೆದರೂ ಪುಟವು ಒಂದೇ ರೀತಿ ಕಾಣಬೇಕು ಎಂಬುದು ಅದರ ಮೂಲ ಉದ್ದೇಶ. ಮೊದಲಿನಿಂದಲೂ ಪಿಡಿಎಫ್ ಓದುವ ಪ್ರತಿಯೊಂದು ತಂತ್ರಾಂಶವೂ 14 ಫಾಂಟ್‌ಗಳನ್ನು ತಾನೇ ಒದಗಿಸಬೇಕೆಂಬ ನಿಯಮವಿತ್ತು. ಟೈಮ್ಸ್, ಹೆಲ್ವೆಟಿಕಾ, ಕೊರಿಯರ್‌ಗಳ ನಾಲ್ಕು ನಾಲ್ಕು ರೂಪಗಳು, ಜೊತೆಗೆ ಚಿಹ್ನೆಗಳ ಎರಡು ಫಾಂಟ್‌ಗಳು ಇದರಲ್ಲಿ ಸೇರಿವೆ. ಈ 14ರಲ್ಲಿ ಕನ್ನಡವಾಗಲಿ, ಭಾರತದ ಬೇರೆ ಯಾವ ಲಿಪಿಯಾಗಲಿ ಇಲ್ಲ. ಇಂಗ್ಲಿಷ್ ಪಠ್ಯದ ಪಿಡಿಎಫ್ ತಯಾರಿಸಲು ಮೂರು ಸಾಲಿನ ಪ್ರೋಗ್ರಾಂ ಸಾಕಾಗುವುದಕ್ಕೂ, ಅದೇ ಪ್ರೋಗ್ರಾಂಗೆ ಕನ್ನಡ ಕೊಟ್ಟಾಗ ಕಪ್ಪು ಚೌಕಗಳು ಬರುವುದಕ್ಕೂ ಇದೇ ಮೊದಲ ಕಾರಣ.

ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡ ಲಿಪಿಗೆ ಅದರಲ್ಲಿ ಸ್ಥಾನ ದೊರೆತಿತ್ತು. ಭಾರತೀಯ ಲಿಪಿಗಳಿಗಾಗಿ ರೂಪಿಸಿದ್ದ ಇಸ್ಕಿ ಸಂಕೇತ ವ್ಯವಸ್ಥೆಯ 1988ರ ರೂಪವನ್ನು ಆಧರಿಸಿ ಈ ವಿಭಾಗವನ್ನು ಜೋಡಿಸಲಾಯಿತು. ದಶಮಾನ ಎಣಿಕೆಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ಎಲ್ಲ ಸ್ಥಾನಗಳೂ ಭರ್ತಿಯಾಗಿಲ್ಲ.

ಯುನಿಕೋಡ್‌ಗಿಂತ ಹಿಂದಿನ ಕಾಲದ ಕನ್ನಡ ತಂತ್ರಾಂಶಗಳು, ಉದಾಹರಣೆಗೆ ನುಡಿ ಮತ್ತು ಬರಹದ ಆರಂಭಿಕ ಆವೃತ್ತಿಗಳು, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ಅಕ್ಷರಭಾಗಗಳನ್ನು ಇರಿಸಿದ ಫಾಂಟ್‌ಗಳನ್ನು ಬಳಸುತ್ತಿದ್ದವು. ಗಣಕದಲ್ಲಿ ಕನ್ನಡವು ಬೇರೂರಲು ಅವು ಮಾಡಿದ ಉಪಕಾರ ದೊಡ್ಡದು. ಆದರೆ ಅಂತಹ ಫಾಂಟ್‌ನಿಂದ ತಯಾರಾದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಅದರಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ರೋಮನ್ ಅಕ್ಷರಗಳೂ ಯುರೋಪಿನ ಭಾಷೆಗಳ ಉಚ್ಚಾರಚಿಹ್ನೆಗಳೂ ಬೆರೆತ ಅರ್ಥಹೀನ ಸಾಲು ಬರುತ್ತದೆ. ಆ ಕಡತದ ಒಳಗೆ ಕನ್ನಡವೆಂಬುದು ಇಲ್ಲವೇ ಇಲ್ಲ. ಕನ್ನಡದ ಚಿತ್ರ ಮಾತ್ರವಿದೆ.

ಕನ್ನಡ ಲಿಪಿಯ ಬೇಡಿಕೆಗಳು

ಯುನಿಕೋಡ್‌ನಲ್ಲಿ ಮೂಲ ಸ್ವರಗಳು, ವ್ಯಂಜನಗಳು, ಸ್ವರಚಿಹ್ನೆಗಳು, ವ್ಯಂಜನದ ಒಳಗಿನ ಅಕಾರವನ್ನು ತೆಗೆಯುವ ವಿರಾಮ ಚಿಹ್ನೆ ಇವುಗಳಿಗೆ ಮಾತ್ರ ಸಂಕೇತಗಳಿವೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ‘ಲಕ್ಷ್ಮಿ’ ಎಂಬ ಪದವು ಗಣಕದ ಸ್ಮೃತಿಯಲ್ಲಿ ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಚಿಹ್ನೆ ಎಂಬ ಏಳು ಸಂಕೇತಗಳ ಸರಣಿ. ಕನ್ನಡಿಗನ ಕಣ್ಣಿಗೆ ಅದು ಎರಡೇ ಅಕ್ಷರ. ಏಳನ್ನು ಎರಡಾಗಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಯಾವ ಸಂಕೇತಗಳು ಕೂಡಿದರೆ ಯಾವ ಆಕೃತಿ ಬರಬೇಕು, ಅದು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಕೋಷ್ಟಕಗಳು ಓಪನ್‌ಟೈಪ್ ಫಾಂಟ್‌ನ ಒಳಗೇ ಇರುತ್ತವೆ. ಈ ಆಕೃತಿಗಳನ್ನು ಗ್ಲಿಫ್ ಎನ್ನುತ್ತಾರೆ. ಕೋಷ್ಟಕಗಳನ್ನು ಓದಿ ಕಾರ್ಯಗತಗೊಳಿಸಲು ಶೇಪಿಂಗ್ ಎಂಜಿನ್ ಬೇಕು. ಮುಕ್ತ ತಂತ್ರಾಂಶಗಳಲ್ಲಿ ಹರ್ಫ್‌ಬಜ್, ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್ ಹಾಗೂ ಅದರ ನಂತರದ ಡೈರೆಕ್ಟ್‌ರೈಟ್, ಆಪಲ್ ಗಣಕಗಳಲ್ಲಿ ಕೋರ್ ಟೆಕ್ಸ್ಟ್ ಈ ಕೆಲಸ ಮಾಡುತ್ತವೆ.

ಶೇಪಿಂಗ್ ಬೇಕಾಗುವುದು ಒತ್ತಕ್ಷರಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಕನ್ನಡದಲ್ಲಿ ಸರಳ ಗುಣಿತಾಕ್ಷರಕ್ಕೂ ಅದು ಅಗತ್ಯ. ‘ಕ’ ಎಂಬುದು ‘ಕಿ’ ಅಥವಾ ‘ಕೆ’ ಆಗುವಾಗ ತಲಕಟ್ಟು ಬಿದ್ದುಹೋಗಿ ಆ ಜಾಗದಲ್ಲಿ ಗುಡಿಸು ಅಥವಾ ಎತ್ವ ಬರುತ್ತದೆ. ಮೊದಲ ತರಗತಿಯ ಮಗು ಸ್ಲೇಟಿನ ಮೇಲೆ ಮಾಡುವ ಈ ಕೆಲಸವನ್ನು ಶೇಪಿಂಗ್ ಇಲ್ಲದ ತಂತ್ರಾಂಶ ಮಾಡಲಾರದು. ಅದು ತಲಕಟ್ಟನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಚಿಹ್ನೆಯನ್ನು ಇಡುತ್ತದೆ.

ಅರ್ಕಾವತ್ತು ಇನ್ನೂ ಸೂಕ್ಷ್ಮವಾದದ್ದು. ‘ಕರ್ನಾಟಕ’ ಎಂಬಲ್ಲಿ ರಕಾರವನ್ನು ನಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ. ಸಂಕೇತ ಸರಣಿಯಲ್ಲೂ ಅದು ಮೊದಲು ಬರುತ್ತದೆ. ಆದರೆ ಬರಹದಲ್ಲಿ ಅರ್ಕಾವತ್ತು ‘ನಾ’ ಎಂಬುದರ ಬಲಕ್ಕೆ ನಿಲ್ಲುತ್ತದೆ. ಅಂದರೆ ಶೇಪಿಂಗ್ ಎಂಜಿನ್ ಕೇವಲ ಆಕೃತಿಗಳನ್ನು ಬದಲಿಸಿದರೆ ಸಾಲದು, ಅವುಗಳ ಕ್ರಮವನ್ನೂ ಬದಲಿಸಬೇಕು. ಈ ಒಂದು ಪದವು ಸರಿಯಾಗಿ ಮೂಡಿದರೆ ಅರ್ಧ ಪರೀಕ್ಷೆ ಮುಗಿದಂತೆ. ಅರ್ಕಾವತ್ತಿನ ಬದಲು ಒಂಬತ್ತರ ಕನ್ನಡ ಅಂಕಿಯನ್ನು ಒತ್ತಿ ‘ಕನಾ೯ಟಕ’ ಎಂದು ಬರೆಯುವ ರೂಢಿ ಜಾಲತಾಣಗಳಲ್ಲಿ ಈಗಲೂ ಕಾಣುತ್ತದೆ. ಕಣ್ಣು ಒಪ್ಪಿದರೂ ಅದು ತಪ್ಪು ಕಾಗುಣಿತವೇ; ಹುಡುಕಾಟದಲ್ಲಿ ಅದು ‘ಕರ್ನಾಟಕ’ಕ್ಕೆ ಹೊಂದುವುದಿಲ್ಲ.

ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನೂ ಇಲ್ಲಿ ಹೇಳಬೇಕು. 8204ನೆಯ ಸಂಕೇತವು ಶೂನ್ಯ ಅಗಲದ ಬಿಡಿಸುವ ಚಿಹ್ನೆ, 8205ನೆಯದು ಶೂನ್ಯ ಅಗಲದ ಕೂಡಿಸುವ ಚಿಹ್ನೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಬೀಳದಂತೆ ತಡೆಯುವುದು ಮೊದಲನೆಯದು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಅರ್ಕಾವತ್ತಾಗದೆ ಪೂರ್ಣರೂಪದಲ್ಲಿ ಉಳಿದು ಯಕಾರ ಒತ್ತಾಗಬೇಕಾದರೆ ಎರಡನೆಯದು ರಕಾರಕ್ಕೂ ವಿರಾಮ ಚಿಹ್ನೆಗೂ ನಡುವೆ ಬರಬೇಕು. ದತ್ತಾಂಶವನ್ನು ‘ಶುಚಿಗೊಳಿಸುವ’ ಪ್ರೋಗ್ರಾಂಗಳು ಇವನ್ನು ಕಸವೆಂದು ಭಾವಿಸಿ ಕಿತ್ತುಹಾಕುವುದುಂಟು. ಶೇಪಿಂಗ್ ಇಲ್ಲದ ಲೈಬ್ರರಿಗಳು ಇವಕ್ಕೂ ಒಂದು ಆಕೃತಿಯನ್ನು ಹುಡುಕಿ, ಸಿಗದಿದ್ದಾಗ ಪದದ ನಡುವೆ ಚೌಕವನ್ನು ಅಚ್ಚು ಮಾಡುವುದೂ ಉಂಟು.

ಗಣಕದಲ್ಲಿರುವ ಫಾಂಟ್‌ಗಳು

ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಎಂಬ ಕನ್ನಡ ಫಾಂಟ್ ಮೈಕ್ರೋಸಾಫ್ಟ್‌ನಿಂದ ದೊರೆಯುತ್ತಿತ್ತು. ವಿಂಡೋಸ್ 8ರಿಂದ ಭಾರತದ ಹಲವು ಲಿಪಿಗಳನ್ನು ಒಳಗೊಂಡ ನಿರ್ಮಲಾ ಯುಐ ಮುಖ್ಯ ಫಾಂಟ್ ಆಯಿತು. ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಸೇರ್ಪಡೆಯಾಗಿದೆ, ಅಂದರೆ ಬಳಕೆದಾರರು ಕೇಳಿ ಹಾಕಿಸಿಕೊಳ್ಳದಿದ್ದರೆ ಅದು ಇರುವುದಿಲ್ಲ. ‘ತುಂಗಾ’ ಎಂದು ಹೆಸರಿಸಿ ಬರೆದ ಹಳೆಯ ಪ್ರೋಗ್ರಾಂಗಳು ಹೊಸ ಗಣಕದಲ್ಲಿ ಒಮ್ಮೆಲೇ ಕೈಕೊಡುವುದಕ್ಕೆ ಇದು ಕಾರಣವಾಗಬಲ್ಲದು. ಆಪಲ್ ಗಣಕಗಳಲ್ಲಿ ಕನ್ನಡ ಎಂಎನ್ ಮತ್ತು ಕನ್ನಡ ಸಂಗಮ್ ಎಂಎನ್ ಇವೆ. ಲಿನಕ್ಸ್‌ನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಫಾಂಟ್‌ಗಳನ್ನು ಹಾಕಿಕೊಳ್ಳಬಹುದು. ನೋಟೊ ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಫಾಂಟ್‌ನಲ್ಲಿ ಅಕ್ಷರ ಇಲ್ಲದಿದ್ದಾಗ ಮೂಡುವ ಖಾಲಿ ಚೌಕಕ್ಕೆ ಮುದ್ರಣ ವಲಯದಲ್ಲಿ ‘ತೋಫು’ ಎಂಬ ಅಡ್ಡಹೆಸರು. ತೋಫು ಇಲ್ಲದಂತೆ ಮಾಡುವುದು ಎಂಬ ಅರ್ಥದಿಂದ ನೋಟೊ ಬಂದಿದೆ.

ಪ್ರೋಗ್ರಾಂ ಬರೆದವರ ಗಣಕದಲ್ಲಿ ಎಲ್ಲವೂ ಸರಿಯಾಗಿದ್ದು, ಅದನ್ನೇ ಸರ್ವರ್‌ಗೆ ಏರಿಸಿದ ಕೂಡಲೇ ತೋಫು ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ ಅನುಭವ. ಸರ್ವರ್‌ಗಳಲ್ಲಿ, ಅದರಲ್ಲೂ ಕನಿಷ್ಠ ಸಾಮಗ್ರಿಯಿಂದ ಕಟ್ಟಿದ ಕಂಟೇನರ್‌ಗಳಲ್ಲಿ, ಕನ್ನಡದ ಫಾಂಟ್ ಇರಲಿ, ಯಾವ ಫಾಂಟೂ ಇಲ್ಲದಿರಬಹುದು. ಲಿನಕ್ಸ್‌ನಲ್ಲಿ ಫಾಂಟ್‌ಕಾನ್ಫಿಗ್ ವ್ಯವಸ್ಥೆಯ ಎಫ್‌ಸಿ-ಲಿಸ್ಟ್ ಎಂಬ ಆದೇಶಕ್ಕೆ ಕನ್ನಡದ ಭಾಷಾ ಸಂಕೇತವಾದ ‘ಕೆಎನ್’ ಕೊಟ್ಟರೆ ಆ ಗಣಕದಲ್ಲಿರುವ ಕನ್ನಡ ಫಾಂಟ್‌ಗಳ ಪಟ್ಟಿ ಸಿಗುತ್ತದೆ. ಪಟ್ಟಿ ಬರಿದಾಗಿದ್ದರೆ ಮುಂದಿನ ಪರೀಕ್ಷೆಯ ಪ್ರಶ್ನೆಯೇ ಇಲ್ಲ. ಎಫ್‌ಸಿ-ಮ್ಯಾಚ್ ಎಂಬ ಸೋದರ ಆದೇಶವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಕೇಳಿದ ಫಾಂಟ್ ಇಲ್ಲದಿದ್ದರೂ ಅದು ‘ಇಲ್ಲ’ ಎನ್ನುವುದಿಲ್ಲ, ಹತ್ತಿರದ ಇನ್ನೊಂದನ್ನು ಮುಂದಿಡುತ್ತದೆ.

ಈ ಕಾರಣದಿಂದ ಗಣಕದಲ್ಲಿ ಇರಬಹುದಾದ ಫಾಂಟನ್ನು ನೆಚ್ಚಿಕೊಳ್ಳುವುದಕ್ಕಿಂತ, ಮುಕ್ತ ಪರವಾನಗಿಯ ಒಂದು ಕನ್ನಡ ಫಾಂಟನ್ನು ಪ್ರೋಗ್ರಾಂ ಜೊತೆಗೇ ಇರಿಸಿ ಅದರ ವಿಳಾಸವನ್ನು ನೇರವಾಗಿ ಕೊಡುವುದು ಸುರಕ್ಷಿತ. ಫಾಂಟ್‌ಗಳ ಒಳಗೆ, ಅವನ್ನು ಕಡತದಲ್ಲಿ ಹುದುಗಿಸಲು ಅನುಮತಿ ಇದೆಯೇ ಎಂದು ಹೇಳುವ ಒಂದು ಗುರುತೂ ಇರುತ್ತದೆ. ಅನುಮತಿ ಇಲ್ಲದ ಫಾಂಟನ್ನು ಕೆಲವು ಲೈಬ್ರರಿಗಳು ನಿರಾಕರಿಸುತ್ತವೆ. ಹಲವು ಫಾಂಟ್‌ಗಳನ್ನು ಒಂದೇ ಕಡತದಲ್ಲಿ ಕಟ್ಟಿದ ಟಿಟಿಸಿ ಮಾದರಿಯನ್ನು ಓದಲಾರದ ಲೈಬ್ರರಿಗಳೂ ಇವೆ.

ದೋಷಗಳ ಬಗೆಗಳು

ತಪ್ಪಾದ ಪುಟವನ್ನು ನೋಡಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಕನ್ನಡವೆಲ್ಲವೂ ಚೌಕಗಳಾಗಿದ್ದರೆ ಬಳಕೆಯಾದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಅಕ್ಷರಗಳು ಗುರುತು ಸಿಗುವಂತಿದ್ದು ಒತ್ತುಗಳು ಮಾತ್ರ ಒಡೆದು ಪಕ್ಕಪಕ್ಕದಲ್ಲಿ ನಿಂತಿದ್ದರೆ ಫಾಂಟ್ ಸರಿಯಿದೆ, ಶೇಪಿಂಗ್ ಆಗಿಲ್ಲ. ಶೀರ್ಷಿಕೆಯ ದಪ್ಪಕ್ಷರ ಮಾತ್ರ ಚೌಕವಾಗಿದ್ದರೆ, ಫಾಂಟ್‌ನ ಸಾಮಾನ್ಯ ರೂಪವನ್ನು ನೋಂದಾಯಿಸಿ ದಪ್ಪ ರೂಪವನ್ನು ಮರೆತಿರುವ ಸಾಧ್ಯತೆ ಹೆಚ್ಚು. ರಸೀದಿಯಲ್ಲಿ ಎಲ್ಲವೂ ಸರಿಯಿದ್ದು ಮೊತ್ತದ ಹಿಂದಿನ ರೂಪಾಯಿ ಚಿಹ್ನೆ ಒಂದೇ ಚೌಕವಾಗಿದ್ದರೆ ಫಾಂಟ್ ಹಳೆಯದು. ಆ ಚಿಹ್ನೆ ಯುನಿಕೋಡ್‌ಗೆ ಸೇರಿದ್ದು 2010ರಲ್ಲಿ.

ಇನ್ನೊಂದು ಗುಂಪಿನ ದೋಷಗಳು ಅಳತೆಗೆ ಸಂಬಂಧಿಸಿದವು. ‘ರಾಷ್ಟ್ರ’, ‘ವೈಶಿಷ್ಟ್ಯ’ ಇಂತಹ ಪದಗಳಲ್ಲಿ ಎರಡೆರಡು ಒತ್ತುಗಳು ಇರುವುದರಿಂದ ಕೆಲವು ಫಾಂಟ್‌ಗಳಲ್ಲಿ ಅವು ಸಾಲಿನಿಂದ ಬಹಳ ಕೆಳಗಿಳಿಯುತ್ತವೆ. ಇಂಗ್ಲಿಷ್ ಅಕ್ಷರಗಳನ್ನು ಗಮನದಲ್ಲಿಟ್ಟು ಗೆರೆ ಎಳೆದ ಕೋಷ್ಟಕದಲ್ಲಿ ಕೆಳಗಿನ ಒತ್ತು ಗೆರೆಯ ಮೇಲೆ ಬೀಳುತ್ತದೆ ಅಥವಾ ಕತ್ತರಿಸಿಹೋಗುತ್ತದೆ. ಹೆಸರಿನ ಅಂಕಣಕ್ಕೆ ಇಷ್ಟೇ ಸಂಕೇತಗಳು ಎಂದು ಮಿತಿ ಹಾಕಿದಾಗ ಅಕ್ಷರದ ನಟ್ಟನಡುವೆ ಕತ್ತರಿ ಬೀಳುವುದು ಇದಕ್ಕಿಂತ ಕೆಟ್ಟದ್ದು. ‘ಸ್ತ್ರೀ’ ಎಂಬುದು ಒಂದೇ ಅಕ್ಷರವಾದರೂ ಆರು ಸಂಕೇತಗಳು. ಸಂಕೇತಗಳನ್ನು ಎಣಿಸಿ ಅಕ್ಷರಗಳನ್ನು ಎಣಿಸಿದೆವೆಂದುಕೊಳ್ಳುವ ಪ್ರೋಗ್ರಾಂ ಕನ್ನಡದ ಹೆಸರುಗಳಿಗೆ ಅನ್ಯಾಯ ಮಾಡುತ್ತದೆ.

ಪರೀಕ್ಷಾ ಪಠ್ಯ

ವರ್ಣಮಾಲೆಯನ್ನು ಒಮ್ಮೆ ಅಚ್ಚು ಮಾಡಿ ನೋಡುವುದು ಪರೀಕ್ಷೆಯಲ್ಲ. ಬಿಡಿ ಅಕ್ಷರಗಳು ಶೇಪಿಂಗ್ ಇಲ್ಲದೆಯೂ ಸರಿಯಾಗಿಯೇ ಮೂಡುತ್ತವೆ. ‘ಅ’ದಿಂದ ‘ಳ’ದವರೆಗೆ ನೋಡಿ ತೃಪ್ತರಾದವರು ‘ಕೃಷ್ಣ’ನ ಬಳಿ ಎಡವುತ್ತಾರೆ. ಪರೀಕ್ಷಾ ಪಠ್ಯದಲ್ಲಿ ಕಾಗುಣಿತದ ಒಂದು ಪೂರ್ಣ ಸಾಲು, ಅರ್ಕಾವತ್ತಿಗೆ ‘ಕರ್ನಾಟಕ’ ಮತ್ತು ‘ಸೂರ್ಯ’, ಒತ್ತುಗಳಿಗೆ ‘ಜ್ಞಾನ’, ‘ಲಕ್ಷ್ಮಿ’, ‘ಶಾಸ್ತ್ರ’, ‘ವೈಶಿಷ್ಟ್ಯ’, ವಿಸರ್ಗಕ್ಕೆ ‘ದುಃಖ’, ಕಾಣದ ಚಿಹ್ನೆಗಳಿಗೆ ‘ಸಾಫ್ಟ್‌ವೇರ್’ ಮತ್ತು ‘ರ‍್ಯಾಂಕ್’ ಇರಬೇಕು. ಕನ್ನಡ ಅಂಕಿಗಳು, ರೂಪಾಯಿ ಚಿಹ್ನೆ, ಕನ್ನಡದ ನಡುವೆ ಬರುವ ಇಂಗ್ಲಿಷ್ ಪದ, ಉದ್ಧರಣ ಚಿಹ್ನೆಗಳೂ ಬೇಕು. ಕನ್ನಡದ ಹಲವು ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳು ಪೂರ್ಣವಾಗಿರುವುದಿಲ್ಲ. ಬ್ರೌಸರ್‌ನಲ್ಲಾದರೆ ಇಲ್ಲದ ಅಕ್ಷರವನ್ನು ಮತ್ತೊಂದು ಫಾಂಟ್‌ನಿಂದ ತಾನಾಗಿಯೇ ತಂದುಕೊಳ್ಳುವ ಏರ್ಪಾಡು ಇರುತ್ತದೆ. ಸರಳ ಪಿಡಿಎಫ್ ಲೈಬ್ರರಿಗಳಲ್ಲಿ ಅದನ್ನು ನಾವೇ ಹೇಳಿಕೊಡಬೇಕು.

ಹಳಗನ್ನಡ ಪಠ್ಯಗಳನ್ನು ಅಚ್ಚು ಮಾಡುವವರು ‘ಱ’ ಮತ್ತು ‘ೞ’ಗಳನ್ನು ಮರೆಯಬಾರದು. ಇವುಗಳಲ್ಲಿ ಎರಡನೆಯದಕ್ಕೆ ಯುನಿಕೋಡ್‌ನಲ್ಲಿ ಕೊಟ್ಟ ಅಧಿಕೃತ ಹೆಸರೇ ತಪ್ಪು. ಅದನ್ನು ‘ಕನ್ನಡ ಅಕ್ಷರ ಫ’ ಎಂಬರ್ಥದಲ್ಲಿ ದಾಖಲಿಸಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಯುನಿಕೋಡ್ ಎಂದೂ ಬದಲಿಸುವುದಿಲ್ಲವಾದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಯಿತು. ಪಂಪ, ರನ್ನರ ಕಾಲದ ಅಕ್ಷರಕ್ಕೆ ಗಣಕಯುಗದಲ್ಲಿ ಒದಗಿದ ಈ ಗತಿ ವಿಚಿತ್ರವೇ ಸರಿ. ಹಳೆಯ ಶಾಸನಗಳಲ್ಲಿ ಬರುವ ನಕಾರಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರಿದೆ. ಅದಕ್ಕೂ ಹಿಂದೆ ತಯಾರಾದ ಫಾಂಟ್‌ಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಪದ್ಯಗಳಲ್ಲಿ ಬಳಸುವ ಒಂಟಿ ಮತ್ತು ಜೋಡಿ ದಂಡಗಳು ಕನ್ನಡ ವಿಭಾಗದಲ್ಲಿಲ್ಲ, ದೇವನಾಗರಿ ವಿಭಾಗದಲ್ಲಿವೆ. ಕನ್ನಡದ ಸಂಕೇತಗಳನ್ನಷ್ಟೇ ಎಣಿಸಿ ನೋಡುವ ಪರೀಕ್ಷೆಯಲ್ಲಿ ಇವು ತಪ್ಪಿಹೋಗುತ್ತವೆ.

ಪರೀಕ್ಷಿಸುವ ಕ್ರಮ

ಮೊದಲು ಫಾಂಟ್, ನಂತರ ಶೇಪಿಂಗ್, ಕೊನೆಗೆ ಕಡತ ಎಂಬ ಕ್ರಮದಲ್ಲಿ ಹೋದರೆ ದೋಷ ಎಲ್ಲಿದೆಯೆಂದು ಬೇಗ ತಿಳಿಯುತ್ತದೆ. ಪೈಥಾನ್ ಭಾಷೆಯ ಫಾಂಟ್‌ಟೂಲ್ಸ್ ಎಂಬ ಲೈಬ್ರರಿಯಿಂದ ಫಾಂಟ್‌ನ ಸಂಕೇತ ಕೋಷ್ಟಕವನ್ನು ಓದಿ, ಪರೀಕ್ಷಾ ಪಠ್ಯದ ಪ್ರತಿಯೊಂದು ಸಂಕೇತವೂ ಅದರಲ್ಲಿದೆಯೇ ಎಂದು ನೋಡಬಹುದು. ಹರ್ಫ್‌ಬಜ್ ಜೊತೆ ಬರುವ ಎಚ್‌ಬಿ-ಶೇಪ್ ಎಂಬ ಉಪಕರಣಕ್ಕೆ ಫಾಂಟ್ ಮತ್ತು ಪದವನ್ನು ಕೊಟ್ಟರೆ ಯಾವ ಗ್ಲಿಫ್‌ಗಳು ಯಾವ ಕ್ರಮದಲ್ಲಿ ಬರುತ್ತವೆಂದು ತೋರಿಸುತ್ತದೆ. ಫಾಂಟ್‌ನ ಸೊನ್ನೆಯ ಗ್ಲಿಫ್ ಎಂದರೆ ‘ಅಕ್ಷರ ಇಲ್ಲ’ ಎಂಬುದರ ಗುರುತು. ಉತ್ತರದಲ್ಲಿ ಅದು ಒಮ್ಮೆ ಬಂದರೂ ಫಾಂಟ್ ತೇರ್ಗಡೆಯಾಗಿಲ್ಲ.

ಕಡತ ತಯಾರಾದ ಮೇಲೆ ಪಾಪ್ಲರ್ ಎಂಬ ಮುಕ್ತ ತಂತ್ರಾಂಶದ ಉಪಕರಣಗಳು ನೆರವಾಗುತ್ತವೆ. ಪಿಡಿಎಫ್‌ಫಾಂಟ್ಸ್ ಎಂಬುದು ಕಡತದಲ್ಲಿರುವ ಫಾಂಟ್‌ಗಳ ಪಟ್ಟಿಯನ್ನು ಕೊಡುತ್ತದೆ. ಫಾಂಟ್ ಕಡತದೊಳಗೆ ಹುದುಗಿದೆಯೇ, ಬಳಸಿದ ಅಕ್ಷರಗಳಷ್ಟನ್ನೇ ಹುದುಗಿಸಲಾಗಿದೆಯೇ, ಗ್ಲಿಫ್‌ನಿಂದ ಯುನಿಕೋಡ್‌ಗೆ ಮರಳುವ ಕೋಷ್ಟಕ ಇದೆಯೇ ಎಂಬ ಮೂರು ಅಂಕಣಗಳು ಅದರಲ್ಲಿವೆ. ಮೊದಲ ಅಂಕಣದಲ್ಲಿ ‘ಇಲ್ಲ’ ಎಂದಿದ್ದರೆ, ಪುಟವು ತಯಾರಾದ ಗಣಕದಲ್ಲಿ ಸುಂದರವಾಗಿ ಕಂಡು ಬೇರೆ ಗಣಕದಲ್ಲಿ ಹಾಳಾಗುತ್ತದೆ. ಫಾಂಟ್‌ನ ಹೆಸರಿನ ಹಿಂದೆ ಆರು ದೊಡ್ಡ ರೋಮನ್ ಅಕ್ಷರಗಳೂ ಒಂದು ಕೂಡುವ ಚಿಹ್ನೆಯೂ ಇದ್ದರೆ ಗಾಬರಿಯಾಗಬೇಕಿಲ್ಲ. ಅದು ಭಾಗಶಃ ಹುದುಗಿಸಿದ ಫಾಂಟ್‌ನ ಗುರುತು.

ನಂತರ ಪಿಡಿಎಫ್‌ಟೊಪಿಪಿಎಂ ಉಪಕರಣದಿಂದ ಪುಟವನ್ನು ಚಿತ್ರವಾಗಿಸಿ, ಕನ್ನಡ ಬಲ್ಲವರು ಮೊದಲೇ ನೋಡಿ ಒಪ್ಪಿದ ಚಿತ್ರದೊಡನೆ ಹೋಲಿಸಬಹುದು. ಲೈಬ್ರರಿಯನ್ನೋ ಫಾಂಟನ್ನೋ ಹೊಸ ಆವೃತ್ತಿಗೆ ಬದಲಿಸಿದಾಗಲೆಲ್ಲ ಈ ಹೋಲಿಕೆಯನ್ನು ಯಂತ್ರವೇ ಮಾಡುವಂತೆ ಇರಿಸುವುದು ರೂಢಿ. ಆದರೆ ಮೊದಲ ಚಿತ್ರಕ್ಕೆ ಒಪ್ಪಿಗೆ ಕೊಡುವವರು ಲಿಪಿಯನ್ನು ಓದಬಲ್ಲವರೇ ಆಗಿರಬೇಕು. ತಪ್ಪಾದ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡರೆ ಯಂತ್ರವು ಆ ತಪ್ಪನ್ನೇ ನಿಷ್ಠೆಯಿಂದ ಕಾಯುತ್ತದೆ.

ನಕಲು, ಹುಡುಕಾಟ ಮತ್ತು ಓದುವಿಕೆ

ಅತ್ಯಂತ ಕಡೆಗಣಿತವಾದ ಭಾಗವಿದು. ಇಂತಹ ಪಿಡಿಎಫ್ ಪುಟದಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಯುನಿಕೋಡ್ ಸಂಕೇತಗಳಲ್ಲ, ಗ್ಲಿಫ್‌ಗಳ ಕ್ರಮಸಂಖ್ಯೆಗಳು. ನಕಲಿಸುವಾಗ ಆ ಸಂಖ್ಯೆಗಳನ್ನು ಮತ್ತೆ ಅಕ್ಷರವಾಗಿಸಲು ಮರುಕೋಷ್ಟಕ ಬೇಕು. ಅದಿದ್ದರೂ ಗ್ಲಿಫ್‌ಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುವುದರಿಂದ ಅರ್ಕಾವತ್ತು ಅಕ್ಷರದ ನಂತರ ಬಂದು, ‘ಕರ್ನಾಟಕ’ ಎಂದು ಕಾಣುವ ಪದ ನಕಲಿಸಿದಾಗ ‘ಕನಾರ್ಟಕ’ ಆಗುತ್ತದೆ. ಜಾಲದಲ್ಲಿ ಈ ಪದರೂಪ ಕಾಣುವಲ್ಲೆಲ್ಲ ಇಂತಹ ಪಿಡಿಎಫ್‌ನಿಂದ ನಕಲಾಗಿರುವ ಸಂಶಯ ಪಡಬಹುದು. ಪಿಡಿಎಫ್‌ಟೊಟೆಕ್ಸ್ಟ್ ಉಪಕರಣದಿಂದ ಪಠ್ಯವನ್ನು ಹೊರತೆಗೆದು ಮೂಲದೊಡನೆ ಹೋಲಿಸಿದರೆ ಈ ದೋಷ ಕೂಡಲೇ ಗೊತ್ತಾಗುತ್ತದೆ. ಇದಕ್ಕೆ ಪರಿಹಾರವಾಗಿ ಪಿಡಿಎಫ್ ಮಾನಕದಲ್ಲಿ, ಒಂದು ಗುಂಪಿನ ಗ್ಲಿಫ್‌ಗಳ ಜೊತೆಗೆ ಅವುಗಳ ನಿಜವಾದ ಪಠ್ಯವನ್ನು ಬರೆದಿಡುವ ‘ಆಕ್ಚುಯಲ್‌ಟೆಕ್ಸ್ಟ್’ ಎಂಬ ಸೌಲಭ್ಯವಿದೆ. ಎಲ್ಲ ಲೈಬ್ರರಿಗಳೂ ಅದನ್ನು ಬರೆಯುವುದಿಲ್ಲ. ಎಲ್ಲ ಓದುವ ತಂತ್ರಾಂಶಗಳೂ ಅದನ್ನು ಗೌರವಿಸುವುದೂ ಇಲ್ಲ.

ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತವಾಗಿ ಬರೆಯಬಹುದು, 3270 ಮತ್ತು 3266 ಎಂಬ ಎರಡರ ಜೋಡಿಯಾಗಿಯೂ ಬರೆಯಬಹುದು. ಯುನಿಕೋಡ್ ದೃಷ್ಟಿಯಲ್ಲಿ ಎರಡೂ ಸಮಾನ. ಆದ್ದರಿಂದ ಎರಡೂ ಪಠ್ಯಗಳನ್ನು ಒಂದೇ ಸಾಮಾನ್ಯ ರೂಪಕ್ಕೆ ತಂದ ಮೇಲೆಯೇ ಹೋಲಿಸಬೇಕು, ಇಲ್ಲವಾದರೆ ಸರಿಯಾದ ಕಡತವೂ ಅನುತ್ತೀರ್ಣವಾಗುತ್ತದೆ.

ದೃಷ್ಟಿಹೀನರು ಬಳಸುವ ಪರದೆವಾಚಕ ತಂತ್ರಾಂಶಗಳು ಓದುವುದು ಈ ಒಳಗಿನ ಪಠ್ಯವನ್ನೇ ಹೊರತು ಪುಟದ ಚಿತ್ರವನ್ನಲ್ಲ. ಒತ್ತಕ್ಷರಗಳ ತೊಂದರೆ ತಪ್ಪಿಸಲು ಕನ್ನಡ ಪಠ್ಯವನ್ನೆಲ್ಲ ಗೆರೆಚಿತ್ರವಾಗಿ ಬದಲಿಸಿ ಪಿಡಿಎಫ್‌ಗೆ ಹಾಕುವ ಉಪಾಯ ಕೆಲವು ಮುದ್ರಕರಲ್ಲಿದೆ. ಗೋಡೆಯ ಭಿತ್ತಿಪತ್ರಕ್ಕೆ ಅದು ನಡೆದೀತು. ಪಠ್ಯಪುಸ್ತಕಕ್ಕೋ ಸರ್ಕಾರಿ ಆದೇಶಕ್ಕೋ ಅದೇ ಉಪಾಯ ಬಳಸಿದರೆ ಕಣ್ಣಿಲ್ಲದ ಓದುಗರಿಗೆ ಅದು ಖಾಲಿ ಹಾಳೆ.

ಲೈಬ್ರರಿಗಳು

ಪೈಥಾನ್‌ನ ರಿಪೋರ್ಟ್‌ಲ್ಯಾಬ್ ಬಹುಕಾಲ ಶೇಪಿಂಗ್ ಇಲ್ಲದೆಯೇ ಕೆಲಸ ಮಾಡುತ್ತಿತ್ತು. ಸರಿಯಾದ ಕನ್ನಡ ಫಾಂಟ್ ನೋಂದಾಯಿಸಿದರೂ ಒತ್ತುಗಳು ಒಡೆಯುತ್ತವೆ ಎಂಬ ದೂರು ಅದರ ಬಳಕೆದಾರರಲ್ಲಿ ಹಳೆಯದು. ಎಫ್‌ಪಿಡಿಎಫ್2 ಎಂಬ ಲೈಬ್ರರಿಯಲ್ಲಿ ಹರ್ಫ್‌ಬಜ್ ಆಧಾರಿತ ಶೇಪಿಂಗ್ ಇದೆ, ಆದರೆ ಅದು ತಾನಾಗಿ ಚಾಲೂ ಆಗುವುದಿಲ್ಲ, ಕೇಳಿ ಪಡೆಯಬೇಕು. ಪಿಎಚ್‌ಪಿಯ ಎಂಪಿಡಿಎಫ್‌ನಲ್ಲೂ ಓಪನ್‌ಟೈಪ್ ಕೋಷ್ಟಕಗಳ ಬಳಕೆಯನ್ನು ಫಾಂಟ್‌ವಾರು ಸೂಚಿಸಬೇಕಾಗುತ್ತದೆ. ಜಾವಾ ಮತ್ತು ಡಾಟ್‌ನೆಟ್‌ನ ಐಟೆಕ್ಸ್ಟ್‌ಗೆ ಭಾರತೀಯ ಲಿಪಿಗಳಿಗಾಗಿ ಪಿಡಿಎಫ್‌ಕ್ಯಾಲಿಗ್ರಾಫ್ ಎಂಬ ಪ್ರತ್ಯೇಕ ಸೇರ್ಪಡೆಯಿದೆ. ಜಾವಾದ ಪಿಡಿಎಫ್‌ಬಾಕ್ಸ್, ಫಾಂಟ್‌ನಲ್ಲಿ ಇಲ್ಲದ ಅಕ್ಷರ ಬಂದಾಗ ದೋಷಸೂಚನೆ ಕೊಟ್ಟು ನಿಂತುಬಿಡುತ್ತದೆ. ಹೊಸಬರಿಗೆ ಇದು ಕಿರಿಕಿರಿ ಎನಿಸಿದರೂ ಮಾತಿಲ್ಲದೆ ಚೌಕ ಅಚ್ಚು ಮಾಡುವುದಕ್ಕಿಂತ ಮೇಲು.

ಪಠ್ಯವನ್ನು ಎಚ್‌ಟಿಎಂಎಲ್ ರೂಪದಲ್ಲಿ ಜೋಡಿಸಿ, ಪರದೆಯಿಲ್ಲದೆ ಓಡುವ ಕ್ರೋಮ್ ಬ್ರೌಸರ್ ಅಥವಾ ಪ್ಯಾಂಗೊ ಆಧಾರಿತ ವೀಸಿಪ್ರಿಂಟ್ ಮೂಲಕ ಪಿಡಿಎಫ್ ಮಾಡುವುದು ಕನ್ನಡಕ್ಕೆ ಸುಲಭದ ದಾರಿ, ಏಕೆಂದರೆ ಎರಡರಲ್ಲೂ ಹರ್ಫ್‌ಬಜ್ ಮೊದಲೇ ಇದೆ. ಪುಸ್ತಕದ ಕೆಲಸಕ್ಕೆ ಟೆಕ್ ವ್ಯವಸ್ಥೆಯ ಜೀಟೆಕ್ ಮತ್ತು ಲುವಾಟೆಕ್‌ನ ಹರ್ಫ್‌ಬಜ್ ರೂಪ ಉತ್ತಮ. ಲಿಬ್ರೆಆಫೀಸನ್ನು ಪ್ರೋಗ್ರಾಂನಿಂದಲೇ ಓಡಿಸಿ ದಾಖಲೆಯನ್ನು ಪಿಡಿಎಫ್ ಆಗಿ ಪರಿವರ್ತಿಸಲೂ ಬರುತ್ತದೆ.

ದೀರ್ಘಕಾಲ ಕಾಪಿಡಬೇಕಾದ ದಾಖಲೆಗಳಿಗಾಗಿ ಐಎಸ್‌ಒ 19005 ಮಾನಕದಡಿ ಪಿಡಿಎಫ್/ಎ ಎಂಬ ಉಪಮಾದರಿಯನ್ನು 2005ರಲ್ಲಿ ರೂಪಿಸಲಾಯಿತು. ಬಳಸಿದ ಎಲ್ಲ ಫಾಂಟ್‌ಗಳೂ ಕಡತದೊಳಗೆ ಹುದುಗಿರಬೇಕು ಎಂಬುದು ಅದರ ಕಡ್ಡಾಯ ನಿಯಮ. ಅದರ ನಂತರದ ‘2ಯು’ ಎಂಬ ಹಂತವು ಪ್ರತಿಯೊಂದು ಗ್ಲಿಫ್‌ಗೂ ಯುನಿಕೋಡ್ ಸಂಬಂಧ ಇರಬೇಕೆಂದು ಕೇಳುತ್ತದೆ. ವೆರಾಪಿಡಿಎಫ್ ಎಂಬ ಮುಕ್ತ ಪರಿಶೀಲಕವು ಈ ನಿಯಮಗಳ ಪಾಲನೆಯನ್ನು ಪರೀಕ್ಷಿಸುತ್ತದೆ. ಆದರೆ ಫಾಂಟ್ ಹುದುಗಿದೆ, ಸಂಬಂಧ ಇದೆ ಎಂಬುದನ್ನಷ್ಟೇ ಅದು ಹೇಳಬಲ್ಲದು. ಪುಟದಲ್ಲಿ ಒತ್ತು ಅಕ್ಷರದ ಕೆಳಗೆ ಬಿದ್ದಿದೆಯೇ, ಪಕ್ಕದಲ್ಲಿ ನಿಂತಿದೆಯೇ ಎಂಬುದು ಅದಕ್ಕೆ ತಿಳಿಯುವುದಿಲ್ಲ.